ರಜಾಕಾಲದ ಕಡಲತೀರಗಳು

ಪರೀಕ್ಷೆಗಳು ಮುಗಿದು ರಜೆಯು ಸಮೀಪಿಸುತ್ತಲೇ ನಮ್ಮಲ್ಲಿ ಓದಿ ಹೋದ ಹೆಣ್ಣುಮಕ್ಕಳಿಂದ ಒಂದೇ ಪ್ರಶ್ನೆಯು ವರ್ಷವರ್ಷವೂ ಬರುತ್ತದೆ: “ಟೀಚರೇ, ಮಕ್ಕಳನ್ನು ಕರಕೊಂಡು ಕಡಲತೀರಕ್ಕೆ ಹೋಗಬೇಕೆಂದಿದ್ದೇವೆ, ಯಾವ ಊರಿನ ತೀರವು ಒಳ್ಳೇದು?” ಅದೇ ಸಮಯದಲ್ಲಿ ಈಗ ಓದುತ್ತಿರುವ ಹುಡುಗಿಯರ ತಾಯಿತಂದೆಗಳು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, “ಪ್ರವಾಸಕ್ಕೆ ಕಳುಹಿಸಲು ನಮ್ಮ ಅಡ್ಡಿಯಿಲ್ಲ, ಸಮುದ್ರದ ಬಳಿಗೆ ಮಾತ್ರ ಬೇಡ” ಎಂದು ಹೇಳಿ ಹೋಗುತ್ತಾರೆ. ಇವೆರಡು ಮಾತುಗಳಿಗೂ ಪ್ರತ್ಯೇಕವಾಗಿ ಉತ್ತರ ಕೊಡುವುದಕ್ಕಿಂತ ಒಂದೇ ಲೇಖನದಲ್ಲಿ ಕೊಡುವುದು ಲೇಸೆಂದು ತೋಚಿ ಇದನ್ನು ಬರೆಯುತ್ತಿದ್ದೇವೆ. ತೀರವನ್ನು ಅದರ ಹೆಸರಿನಿಂದಲೂ ಪ್ರಸಿದ್ಧಿಯಿಂದಲೂ ಆರಿಸತಕ್ಕದ್ದಲ್ಲ. ಋತುವನ್ನೂ ಮರಳಿನ ಇಳಿಜಾರನ್ನೂ ಅಲೆಯು ಒಡೆಯುವ ರೀತಿಯನ್ನೂ ನೋಡಿ ಆರಿಸಬೇಕು. ಹಾಗೆ ನೋಡಲು ಬಲ್ಲ ಹುಡುಗಿಯನ್ನು ಕಡಲಿನಿಂದ ದೂರ ಇರಿಸಬೇಕಾದ ಕಾರಣವಿಲ್ಲ.

ಮೊದಲು ಋತುವಿನ ಮಾತು. ನಮ್ಮ ಕರ್ನಾಟಕದ ಕರಾವಳಿಯು ದಕ್ಷಿಣದ ತಲಪಾಡಿಯಿಂದ ಉತ್ತರದಲ್ಲಿ ಕಾರವಾರದ ಆಚೆಯ ಗೋವೆಯ ಗಡಿಯ ವರೆಗೆ 300 ಕಿಲೋಮೀಟರುಗಳಿಗಿಂತಲೂ ಹೆಚ್ಚು ಉದ್ದವಾಗಿದ್ದು, ಪಶ್ಚಿಮಕ್ಕೆ ಮುಖಮಾಡಿ ನಿಂತಿದೆ. ಆದುದರಿಂದ ಜೂನಿನಿಂದ ಸಪ್ಟೆಂಬರಿನ ವರೆಗೆ ಬೀಸುವ ನೈಋತ್ಯ ಮಾರುತದ ಹೊಡೆತವನ್ನು ಇದು ಎದೆಗೊಟ್ಟು ಸಹಿಸಬೇಕಾಗುತ್ತದೆ. ಆ ತಿಂಗಳುಗಳಲ್ಲಿ ಎಷ್ಟೋ ಕಡೆ ಕಡಲ್ಕೊರೆತವುಂಟಾಗಿ ತೆಂಗಿನ ಮರಗಳೂ ಮನೆಗಳೂ ನೀರುಪಾಲಾಗುತ್ತವೆ. ಜೂನ್ ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಸರಕಾರದ ನಿಷೇಧವೂ ಇದೆ. ಕಡಲಿನ ಮಕ್ಕಳಾದ ಮೊಗವೀರರು ಶ್ರಾವಣದ ಹುಣ್ಣಿಮೆಯ ಹೊತ್ತಿಗೆ ಹಾಲನ್ನೂ ತೆಂಗಿನಕಾಯಿಯನ್ನೂ ಸಮುದ್ರಕ್ಕೆ ಅರ್ಪಿಸಿ, ಆ ಬಳಿಕ ಹೊಸ ಋತುವಿನ ಬಲೆಬೀಸುವಿಕೆಗೆ ತೊಡಗುವ ವಾಡಿಕೆಯುಂಟು. ಹುಟ್ಟಿದಂದಿನಿಂದ ಅಲೆಯ ಸದ್ದನ್ನು ಕೇಳಿದವರೇ ಹೀಗೆ ಕಾಯುತ್ತಿರುವಾಗ, ಬಯಲುಸೀಮೆಯಿಂದ ಒಂದು ದಿನದ ಮಟ್ಟಿಗೆ ಬಂದವರು ಮಳೆಗಾಲದ ನೀರಿಗಿಳಿಯುವುದು ಧೈರ್ಯವೆನಿಸದು. ನವೆಂಬರಿನಿಂದ ಫೆಬ್ರವರಿಯ ವರೆಗಿನ ಕಾಲವೇ ಹಿತವಾದುದು.

ಎಪ್ರಿಲ್ ಮೇ ತಿಂಗಳುಗಳ ದೊಡ್ಡ ರಜೆಯಲ್ಲಿ ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಮೈಲುಗಳನ್ನು ದಾಟಿ, ಕೆಲವು ದಿನಗಳ ಬಳಿಕ ನಮ್ಮ ದಡಕ್ಕೆ ಬಂದು ಮುಟ್ಟುತ್ತವೆ. ಇಲ್ಲಿ ಆಕಾಶವು ನಿರ್ಮಲವಾಗಿರುತ್ತದೆ, ಗಾಳಿಯೂ ಇರುವುದಿಲ್ಲ. ಅಲೆಗಳು ಮಾತ್ರ ಒಮ್ಮೆಗೇ ಉಬ್ಬಿ ಮೇಲಕ್ಕೇರುತ್ತವೆ. ಕೇರಳದ ಬೆಸ್ತರು ಇದನ್ನು ಕಳ್ಳಕ್ಕಡಲ್, ಅಂದರೆ ಕಳ್ಳನಂತೆ ಬರುವ ಕಡಲು ಎಂದು ಕರೆಯುತ್ತಾರೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದವರು ಇದರ ಮುನ್ಸೂಚನೆಯನ್ನು ಕೊಡುತ್ತಾರೆ. ಹೋಟೆಲಿನ ಕೋಣೆಯನ್ನು ಮುಂಗಡವಾಗಿ ಗೊತ್ತುಮಾಡುವವರು ಈ ಸೂಚನೆಯನ್ನೂ ಒಮ್ಮೆ ನೋಡಿಕೊಂಡರೆ ಖರ್ಚೇನೂ ಇಲ್ಲ.

ಇನ್ನು ಮರಳು. ನುಣ್ಣನೆಯ ಮರಳಿರುವ ತೀರವು ಸಾಮಾನ್ಯವಾಗಿ ಚಪ್ಪಟೆಯಾಗಿರುತ್ತದೆ. ಅಂಥಲ್ಲಿ ಅಲೆಯು ದೂರದಲ್ಲಿಯೇ ಒಡೆದು ನೊರೆಯಾಗಿ ಮೆಲ್ಲನೆ ಹರಿದು ಬರುತ್ತದೆ. ದಪ್ಪ ಕಣದ ಮರಳಿನಲ್ಲಿ ಕಾಲು ಹೂತುಹೋಗುತ್ತದೆ, ತೀರವು ಕಡಿದಾಗಿ ಇಳಿಯುತ್ತದೆ, ಅಲೆಯು ಕಾಲಬುಡದಲ್ಲಿಯೇ ಧುಮುಕಿ ಹಿಂದಿರುಗುವಾಗ ಪಾದದಡಿಯ ನೆಲವನ್ನೇ ಸೆಳೆದುಕೊಳ್ಳುತ್ತದೆ. ಆರು ವರುಷದ ಮಗುವನ್ನು ಕೈಹಿಡಿದು ನಡೆಸುವ ತಾಯಿಗೆ ಈ ಒಂದು ಗುರುತೇ ಎಷ್ಟೋ ತಿಳಿಸುತ್ತದೆ.

ದಕ್ಷಿಣದಿಂದ ತೊಡಗೋಣ. ಉಳ್ಳಾಲದ ಸೋಮೇಶ್ವರವು ದೇವಾಲಯದ ಬದಿಯ ದೊಡ್ಡ ಬಂಡೆಗಳಿಂದಲೂ ಸೂರ್ಯಾಸ್ತದ ಸೊಬಗಿನಿಂದಲೂ ಹೆಸರಾದುದು. ಪೋರ್ತುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ನಾಡೆಂದು ಮಕ್ಕಳಿಗೆ ಚರಿತ್ರೆಯ ಪಾಠವನ್ನೂ ಅಲ್ಲಿಯೇ ಹೇಳಬಹುದು. ಆದರೆ ಅದು ನೋಡುವ ತೀರ, ಸ್ನಾನದ ತೀರವಲ್ಲ. ಒದ್ದೆಯಾದ ಬಂಡೆಯ ಮೇಲೆ ನಿಂತು ಚಿತ್ರ ತೆಗೆಯಿಸಿಕೊಳ್ಳುವ ಈ ಕಾಲದ ಗೀಳನ್ನು ನಾವು ಎಷ್ಟು ಮಾತ್ರಕ್ಕೂ ಮೆಚ್ಚೆವು. ಮಂಗಳೂರಿನ ಉತ್ತರಕ್ಕೆ, ಹೊಸ ಬಂದರಿನ ಮಗ್ಗುಲಲ್ಲಿರುವ ಪಣಂಬೂರಿನಲ್ಲಿ ಜನಸಂದಣಿ ಹೆಚ್ಚು, ಆದರೆ ಜೀವರಕ್ಷಕರೂ ಇರುತ್ತಾರೆ. ತಣ್ಣೀರುಬಾವಿಗೆ ಹೋಗುವವರು ಸುಲ್ತಾನ್ ಬತ್ತೇರಿಯ ಬಳಿಯಿಂದ ದೋಣಿಯಲ್ಲಿ ಹೊಳೆ ದಾಟಿದರೆ, ಮಕ್ಕಳಿಗೆ ಕಡಲಿಗಿಂತ ಆ ದೋಣಿಯೇ ಹೆಚ್ಚು ನೆನಪುಳಿದರೂ ಆಶ್ಚರ್ಯವಿಲ್ಲ.

ಉಡುಪಿಯ ಸೀಮೆಯಲ್ಲಿ ಪಡುಬಿದ್ರಿಯ ತೀರಕ್ಕೂ, ಉತ್ತರ ಕನ್ನಡದ ಹೊನ್ನಾವರದ ಬಳಿಯ ಕಾಸರಕೋಡಿನ ತೀರಕ್ಕೂ 2020ರಲ್ಲಿ ನೀಲಿ ಬಾವುಟದ ಮನ್ನಣೆ ದೊರೆಯಿತು. ಡೆನ್ಮಾರ್ಕಿನಲ್ಲಿ ಮುಖ್ಯಸ್ಥಾನವುಳ್ಳ ಒಂದು ಸಂಸ್ಥೆಯವರು ನೀರಿನ ಶುದ್ಧತೆ, ರಕ್ಷಣೆಯ ಏರ್ಪಾಡು, ಶೌಚಾಲಯ, ಕಸದ ವಿಲೇವಾರಿ ಮೊದಲಾದ 33 ಅಂಶಗಳನ್ನು ಪರೀಕ್ಷಿಸಿ, ಒಂದೊಂದು ವರ್ಷದ ಮಟ್ಟಿಗೆ ಈ ಮನ್ನಣೆಯನ್ನು ಕೊಡುತ್ತಾರೆ. ಹೆಂಗಸರು ಬಟ್ಟೆ ಬದಲಾಯಿಸುವುದಕ್ಕೆ ಮರೆಯಾದ ಸ್ಥಳವಿದೆಯೋ ಇಲ್ಲವೋ ಎಂಬುದು ಗಂಡಸರು ಬರೆದ ಪ್ರವಾಸ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣಬರುವುದಿಲ್ಲ. ನಮಗಾದರೋ ಅದು ಮೊದಲನೆಯ ಪ್ರಶ್ನೆ. ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಅದರ ಮೇಲಿನಿಂದ ನೋಡಿದರೆ ತೀರದ ಗೆರೆಯು ಭೂಪಟದಲ್ಲಿ ಬರೆದಂತೆ ಕಾಣುತ್ತದೆ; ಭೂಗೋಳದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಹಲಗೆಯು ಬೇಕಿಲ್ಲ.

ಮಲ್ಪೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಲ್ಲಿಯ ಮರಳು ಅಗಲವಾಗಿಯೂ ಸಮನಾಗಿಯೂ ಇದೆ. ಬಂದರಿನ ಕಡೆಗೆ ಹೋದರೆ ಮೀನಿನ ಬುಟ್ಟಿಗಳ ನಡುವೆ ವ್ಯಾಪಾರ ನಡೆಸುವ ಹೆಂಗಸರ ಲೆಕ್ಕದ ಚುರುಕನ್ನು ಕಾಣಬಹುದು. ಗಣಿತಕ್ಕೆ ಅಂಜುವ ಹುಡುಗಿಯರನ್ನು ಅಲ್ಲಿ ಅರ್ಧ ಗಳಿಗೆ ನಿಲ್ಲಿಸಬೇಕೆಂದು ನಮಗೆ ಎಷ್ಟೋ ಸಲ ಅನಿಸಿದೆ. ಅಲ್ಲಿಂದ ದೋಣಿಯಲ್ಲಿ ಹೋದರೆ ಸೈಂಟ್ ಮೇರೀಸ್ ದ್ವೀಪಗಳು. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿಗೆ ಬಂದು ಈ ಹೆಸರನ್ನಿಟ್ಟನೆಂದು ಪ್ರತೀತಿ. ಅದಕ್ಕಿಂತ ದೊಡ್ಡ ಚರಿತ್ರೆಯು ಕಾಲಡಿಯ ಕಲ್ಲಿನಲ್ಲಿದೆ. ಐದು ಆರು ಮೂಲೆಗಳುಳ್ಳ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಕಾಣುವ ಆ ಶಿಲೆಯು ಮನುಷ್ಯನ ಕೆತ್ತನೆಯಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ಭೂಖಂಡದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾರಸವು ಆರಿ ಕುಗ್ಗುವಾಗ, ಒಣಗಿದ ಕೆರೆಯ ಕೆಸರು ಬಿರಿಯುವಂತೆಯೇ ಬಿರಿದು ಈ ಕಂಬಗಳಾದವು. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ದ್ವೀಪದ ಸುತ್ತ ಬಂಡೆಗಳೆಡೆಯ ನೀರು ಒಮ್ಮೆಗೇ ಆಳವಾಗುವುದರಿಂದ, ಕಲ್ಲುಗಳನ್ನೂ ಚಿಪ್ಪುಗಳನ್ನೂ ನೋಡಿ ತೃಪ್ತಿಪಡುವುದೇ ಸರಿ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಇಂಥ ದೃಶ್ಯವು ಬೇರೆಡೆಯಲ್ಲಿ ಅಪರೂಪ. ಅಲ್ಲಿ ವಾಹನ ನಿಲ್ಲಿಸಿ ಕಣ್ತುಂಬ ನೋಡಿ ಮುಂದೆ ಸಾಗತಕ್ಕದ್ದು. ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳ ಮೇಲಿಂದ ನೀರಿಗಿಳಿಯುವ ಸಾಹಸ ಬೇಡ.

ಮುರುಡೇಶ್ವರದ ಹೆಸರೆತ್ತುವಾಗ ನಮ್ಮ ಲೇಖನಿಯು ತಡೆಯುತ್ತದೆ. 2024ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಅಲ್ಲಿಯ ನೀರಿನಲ್ಲಿ ಪ್ರಾಣ ಕಳಕೊಂಡರು. ನಮ್ಮ ತರಗತಿಗಳಲ್ಲಿ ಕೂಡ್ರುವವರ ವಯಸ್ಸಿನ ಮಕ್ಕಳು. ಮಳೆಗಾಲವಲ್ಲ, ಬಿರುಗಾಳಿಯ ದಿನವೂ ಅಲ್ಲ. ನಾವು ಮೇಲೆ ಹಿತವೆಂದ ತಿಂಗಳುಗಳಲ್ಲೊಂದು. ಅಂದಮೇಲೆ ಋತುವೊಂದನ್ನೇ ನೋಡಿದರೆ ಸಾಲದೆಂಬುದು ವಿದಿತವೇ. ಶಾಂತವಾಗಿ ತೋರುವ ಕಡಲಿನಲ್ಲಿ ಜನರನ್ನು ಒಯ್ಯುವಂಥಾದ್ದು ಯಾವುದು?

ಇದಕ್ಕೆ ಜನರು ಸುಳಿ ಎನ್ನುತ್ತಾರೆ, ಕೆಳಕ್ಕೆ ಎಳೆಯಿತೆನ್ನುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಅದು ಸುಳಿಯಲ್ಲ, ಸೆಳೆತ; ಎಳೆಯುವುದು ಕೆಳಕ್ಕಲ್ಲ, ಹೊರಕ್ಕೆ. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ದಿಬ್ಬವಿರುತ್ತದೆ. ಅಲೆಗಳು ಅದರ ಮೇಲೆ ಒಡೆದು ಒಂದರ ಹಿಂದೊಂದಾಗಿ ನೀರನ್ನು ದಡದತ್ತ ತಳ್ಳುತ್ತಲೇ ಇರುತ್ತವೆ. ಹಾಗೆ ತುಂಬಿದ ನೀರು ಹಿಂದಿರುಗಬೇಕಷ್ಟೆ? ಗದ್ದೆಯ ನೀರು ಬದುವಿನ ಕಂಡಿಯಲ್ಲಿ ರಭಸದಿಂದ ಹೊರಡುವಂತೆ, ಅದು ದಿಬ್ಬದಲ್ಲಿ ತಗ್ಗಾದ ಒಂದು ಎಡೆಯನ್ನು ಹುಡುಕಿ ಅಲ್ಲಿಂದ ಸಮುದ್ರಕ್ಕೆ ಹರಿಯುತ್ತದೆ. ಅದರ ವೇಗವು ಸೆಕೆಂಡಿಗೆ ಒಂದೆರಡು ಮೀಟರಿನಷ್ಟಾದರೆ, ಪಳಗಿದ ಈಜುಗಾರನೂ ಅದಕ್ಕೆ ಎದುರಾಗಿ ಈಜಿ ಗೆಲ್ಲಲಾರನು. ದಿಬ್ಬಗಳು ಮಳೆಗಾಲದ ಅಲೆಗಳಿಂದ ಸ್ಥಳ ಬದಲಿಸುತ್ತಲಿರುವುದರಿಂದ, ಹೋದ ವರ್ಷ ನಿರ್ಭಯವಾಗಿದ್ದ ಜಾಗವು ಈ ವರ್ಷವೂ ಹಾಗೆಯೇ ಇರುವುದೆಂದು ನಂಬಲಾಗದು. ಬಂಡೆಗಳ ಮಗ್ಗುಲಲ್ಲಿಯೂ ಅಳಿವೆಯ ಬಾಯಲ್ಲಿಯೂ ಸೆಳೆತವು ಹೆಚ್ಚು.

ಇದರ ಗುರುತು ಮೋಸಗೊಳಿಸುವಂಥಾದ್ದು. ಎಡಕ್ಕೂ ಬಲಕ್ಕೂ ಬಿಳಿಯ ನೊರೆಯೆದ್ದು ಅಲೆ ಒಡೆಯುತ್ತಿರುವಾಗ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆಯೊಡೆಯದೆ ನೀರು ಸ್ವಲ್ಪ ಕಪ್ಪಾಗಿಯೋ ಮರಳಿನಿಂದ ಕದಡಿಯೋ ತೋರುತ್ತದೆ. ನೊರೆಯ ಚೂರುಗಳೂ ಕಸಕಡ್ಡಿಯೂ ಅದರಲ್ಲಿ ಹೊರಗೆ ಸಾಗುತ್ತಿರುತ್ತವೆ. ಅರಿಯದವಳು ಅದನ್ನೇ ಶಾಂತವಾದ ಸ್ಥಳವೆಂದು ಆರಿಸಿ ಇಳಿಯುತ್ತಾಳೆ. ಆದುದರಿಂದ ತೀರಕ್ಕೆ ತಲುಪಿದೊಡನೆ ನೀರಿಗೆ ಓಡದೆ, ಎತ್ತರವಾದ ಮರಳಿನ ಮೇಲೆ ಹತ್ತು ನಿಮಿಷ ಕುಳಿತು ಅಲೆಗಳು ಎಲ್ಲಿ ಒಡೆಯುತ್ತವೆ, ಎಲ್ಲಿ ಒಡೆಯುವುದಿಲ್ಲ ಎಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು. ಜೀವರಕ್ಷಕರೂ ಸ್ಥಳದ ಬೆಸ್ತರೂ ಬೇಡವೆಂದ ಜಾಗದಲ್ಲಿ ಇಳಿಯಲೇಬಾರದು.

ಸೆಳೆತಕ್ಕೆ ಸಿಕ್ಕಿದವಳು ದಡವನ್ನು ನೋಡಿ ಅದರ ಕಡೆಗೇ ಈಜಲು ಹೆಣಗಿ, ಬಲಗುಂದಿ ಮುಳುಗುತ್ತಾಳೆ. ಹಾಗೆ ಹೆಣಗದೆ ಬೆನ್ನಿನ ಮೇಲೆ ತೇಲುತ್ತ, ಕೈಯೆತ್ತಿ ಕೂಗಿ ಸಹಾಯ ಕೇಳಬೇಕು. ಈಜಬಲ್ಲವಳಾದರೆ ದಡಕ್ಕೆ ಸಮಾನಾಂತರವಾಗಿ, ಅಂದರೆ ಅಡ್ಡಲಾಗಿ ಈಜಿದರೆ ಆ ಪಟ್ಟಿಯಿಂದ ಹೊರಬೀಳುತ್ತಾಳೆ. ಬಳಿಕ ಅಲೆಗಳ ಜೊತೆಗೆ ಓರೆಯಾಗಿ ದಡದತ್ತ ಬರಬಹುದು. ಅಲೆಯೊಡೆಯುವ ಸಾಲನ್ನು ದಾಟಿದ ಮೇಲೆ ಸೆಳೆತದ ಬಲವು ಸಾಮಾನ್ಯವಾಗಿ ತಾನಾಗಿಯೇ ಕುಂದುತ್ತದೆ.

ಗೋಕರ್ಣದ ಓಂ ತೀರಕ್ಕೂ ಕುಡ್ಲೆ ತೀರಕ್ಕೂ ಇವೇ ಮಾತುಗಳು ಸಲ್ಲುತ್ತವೆ. ಗುಡ್ಡವಿಳಿದು ಹೋಗುವಾಗ ಕಾಣುವ ನೋಟವು ಮನೋಹರವೇ ಸರಿ, ಆದರೆ ಬಂಡೆಗಳು ಬಹಳ. ಕಾರವಾರವು ನಮಗೆ ಎಲ್ಲಕ್ಕಿಂತಲೂ ಮೆಚ್ಚು. ಗುಡ್ಡಗಳೂ ದ್ವೀಪಗಳೂ ಅಡ್ಡ ನಿಂತು ಕೊಲ್ಲಿಯನ್ನು ಕಾಯುವುದರಿಂದ ಅಲ್ಲಿಯ ಅಲೆಗಳು ತೆರೆದ ತೀರಗಳಿಗಿಂತ ಸೌಮ್ಯವಾಗಿರುತ್ತವೆ. ರವೀಂದ್ರನಾಥ ಠಾಕೂರರು ಯೌವನದಲ್ಲಿ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದುಕೊಂಡು ‘ಪ್ರಕೃತಿಯ ಪ್ರತೀಕಾರ’ವೆಂಬ ನಾಟಕವನ್ನು ಬರೆದರು, ತೀರಕ್ಕೆ ಈಗ ಅವರದೇ ಹೆಸರು. ಮುದುಕರನ್ನೂ ಎಳೆಯ ಮಕ್ಕಳನ್ನೂ ಕರಕೊಂಡು ಹೋಗುವ ಕುಟುಂಬಕ್ಕೆ ನಾವು ಮೊದಲು ಹೇಳುವ ಊರು ಇದೇ.

ಇನ್ನು ತಾಯಿತಂದೆಗಳಿಗೆ. ಕರಾವಳಿಯಲ್ಲಿ ಗಂಡುಹುಡುಗರು ಹೊಳೆಯಲ್ಲಿಯೂ ಕೆರೆಯಲ್ಲಿಯೂ ಬಿದ್ದೆದ್ದು ಈಜು ಕಲಿಯುತ್ತಾರೆ. ಅದೇ ಮನೆಯ ಹುಡುಗಿಯು ದಡದಲ್ಲಿ ಕುಳಿತು ಅವರ ಬಟ್ಟೆ ಕಾಯುತ್ತಾಳೆ. ಇದೇ ಹುಡುಗಿಯು ಮುಂದೆ ತಾಯಿಯಾಗಿ ತನ್ನ ಮಗುವನ್ನು ಕಡಲಿಗೆ ಕರಕೊಂಡು ಬಂದಾಗ ಅವಳ ಭಯವು ಮಗುವಿಗೆ ರಕ್ಷೆಯಾಗದು. ಹತ್ತಿರದಲ್ಲಿ ಹೆಂಗಸರಿಗಾಗಿ ಸಮಯವನ್ನು ಗೊತ್ತುಮಾಡಿದ ಈಜುಕೊಳವಿದ್ದರೆ ದಯಮಾಡಿ ಕಳುಹಿಸಿರಿ. ಉಡುಪಿನ ಮಾತನ್ನೂ ಸಂಕೋಚವಿಲ್ಲದೆ ಆಡಬೇಕು. ಸೀರೆಯೂ ಉದ್ದನೆಯ ಲಂಗವೂ ದುಪ್ಪಟ್ಟವೂ ನೀರು ಹೀರಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಮೈಮುಚ್ಚುವ, ಆದರೆ ಮೈಗೊತ್ತುವ ಈಜುಡುಪುಗಳು ಈಗ ಸಿಗುತ್ತವೆ. ಅವುಗಳಲ್ಲಿ ಮರ್ಯಾದೆಗೇನೂ ಕೊರತೆಯಿಲ್ಲ. ಈಜು ಬಾರದವರು ಮೊಣಕಾಲಿನ ಆಳವನ್ನು ಮೀರಬಾರದು, ಕತ್ತಲಾದ ಮೇಲೆ ಯಾರೂ ಇಳಿಯಬಾರದು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತದ ನೀರು ಹೆಚ್ಚು ಏರುವುದರಿಂದ, ಬೆಳಿಗ್ಗೆ ಚಾಪೆ ಹಾಸಿದ ಜಾಗವು ಮಧ್ಯಾಹ್ನಕ್ಕೆ ಉಳಿಯದಿರಬಹುದು.

ಒಬ್ಬಳು ಮುಳುಗುತ್ತಿರುವಾಗ ಇನ್ನೊಬ್ಬಳು ಹಾರಿ ಇಬ್ಬರೂ ಹೋದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ದಡದಲ್ಲಿರುವವರು ಹಾರಕೂಡದು. ಜೀವರಕ್ಷಕರನ್ನೂ ಬಲೆಯ ಬಳಿಯಿರುವ ಬೆಸ್ತರನ್ನೂ ಕೂಗಿ ಕರೆಯಬೇಕು. ಒಬ್ಬರು 112ಕ್ಕೆ ದೂರವಾಣಿ ಮಾಡಬೇಕು. ತೇಲುವ ವಸ್ತು ಯಾವುದಾದರೂ ಸರಿ, ಮುಚ್ಚಳ ಬಿಗಿದ ಖಾಲಿ ಡಬ್ಬಿಯಾಗಲಿ ಮಕ್ಕಳ ದೊಡ್ಡ ಚೆಂಡಾಗಲಿ, ಅವಳ ಕೈಗೆ ಸಿಗುವಂತೆ ಎಸೆಯಬೇಕು. ಮತ್ತೊಬ್ಬರು ಬೆರಳು ತೋರಿಸುತ್ತ ಅವಳಿರುವ ಸ್ಥಳದಿಂದ ಕಣ್ಣು ತೆಗೆಯದೆ ನಿಲ್ಲಬೇಕು. ಈ ಸಲ ನಮ್ಮ ಪ್ರವಾಸಕ್ಕೆ ಹೊರಡುವ ಪ್ರತಿಯೊಂದು ಗುಂಪಿನಲ್ಲಿಯೂ ಒಂದು ಹಗ್ಗವನ್ನೂ ಅಂಥ ಎರಡು ಡಬ್ಬಿಗಳನ್ನೂ ಕೊಟ್ಟು ಕಳುಹಿಸಲಿದ್ದೇವೆ. ಅವುಗಳನ್ನು ಎಸೆಯುವ ಅಭ್ಯಾಸವು ಶನಿವಾರಗಳಂದು ಆಟದ ಬಯಲಿನಲ್ಲಿ ನಡೆಯುವುದು. ತಾಯಂದಿರೂ ಬಂದು ಸೇರಬಹುದು.