ಹಾಲು, ಪಾಲು ಮತ್ತು ಕಿಟ್ಟೆಲ್ ತಾತ

ಈ ಸಲ ದಸರಾ ರಜೆಗೆ ನನ್ನ ಮೊಮ್ಮಗಳು ಬೆಂಗಳೂರಿನಿಂದ ಪರಶುರಾಂಪುರಕ್ಕೆ ಬಂದಿದ್ದಳು. ಈಗ ಆರನೇ ತರಗತಿ. ಹೊಲದಿಂದ ಶೇಂಗಾ ಕಿತ್ತು ತಂದು ಅಂಗಳದಲ್ಲಿ ಒಟ್ಟಿದ್ದೆವು. ಮನೆಮಂದಿಯೆಲ್ಲ ಸುತ್ತ ಕೂತು ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದೆವು. ಅವಳು ಒಂದು ಕಾಯಿ ಬುಟ್ಟಿಗೆ ಹಾಕಿದರೆ ಎರಡು ಬಾಯಿಗೆ ಹಾಕುತ್ತಿದ್ದಳು. ನಡುವೆ ಕೈ ನಿಲ್ಲಿಸಿ ಕೇಳಿದಳು:

"ತಾತ, ನವೆಂಬರ್ ಒಂದಕ್ಕೆ ಸ್ಕೂಲಲ್ಲಿ ನಾನು ಕಿಟ್ಟೆಲ್ ಬಗ್ಗೆ ಭಾಷಣ ಮಾಡ್ಬೇಕು. ಆದ್ರೆ ನನ್ನ ಫ್ರೆಂಡ್ ಹೇಳ್ತಾಳೆ, ಅವರು ಬಂದಿದ್ದು ತಮ್ಮ ಧರ್ಮ ಹೇಳೋಕಂತೆ, ಕನ್ನಡಕ್ಕೋಸ್ಕರ ಅಲ್ವಂತೆ. ನಿಜಾನಾ? ಹಂಗಾದ್ರೆ ನಾನೇನು ಹೇಳ್ಲಿ?"

ಬಹಳ ವರ್ಷ ಮೇಷ್ಟ್ರಾಗಿದ್ದವನು ನಾನು. ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ ಜಾರಿಕೊಳ್ಳಬಾರದು ಎಂದು ಗೊತ್ತು. "ನಿನ್ನ ಗೆಳತಿ ಹೇಳಿದ್ದು ನಿಜ ಕಣವ್ವ. ಆದರೆ ಕತೆ ಅಲ್ಲಿಗೆ ಮುಗಿಯಲ್ಲ, ಕೇಳು" ಎಂದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹಡಗು ಹತ್ತಿದ ಹುಡುಗ

ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಲ್ಲಿ 1815ರಲ್ಲಿ ಒಂದು ಕ್ರೈಸ್ತ ಸಂಸ್ಥೆ ಹುಟ್ಟಿತು. ದೂರದೇಶಗಳಿಗೆ ಹೋಗಿ ಯೇಸುವಿನ ವಿಷಯ ತಿಳಿಸುವವರನ್ನು ತಯಾರು ಮಾಡುವುದು ಅದರ ಕೆಲಸ. ಅಲ್ಲಿಂದ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಆಮೇಲೆ 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದವರು ಇವರೇ. ಮರುವರ್ಷ ಆ ಪತ್ರಿಕೆ ನಮ್ಮ ನೆರೆಯ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು.

ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು ಜರ್ಮನಿಯ ಉತ್ತರ ಭಾಗದಲ್ಲಿ, 1832ರಲ್ಲಿ. ಬಾಸೆಲ್‌ನಲ್ಲಿ ಕಲಿತು 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ 21 ವರ್ಷ. ಆಗ ವಿಮಾನವಿಲ್ಲ, ಸೂಯೆಜ್ ಕಾಲುವೆಯೂ ಇರಲಿಲ್ಲ. ಮನೆಯವರ ಮುಖ ಮತ್ತೆ ನೋಡುತ್ತೇನೋ ಇಲ್ಲವೋ ಎಂದುಕೊಂಡೇ ಹಡಗು ಹತ್ತಬೇಕಾದ ಕಾಲ ಅದು.

ಬಂದದ್ದು ಹೇಳಲಿಕ್ಕೆ. ಆದರೆ ಹೇಳುವುದು ಯಾವ ಭಾಷೆಯಲ್ಲಿ? ಎದುರಿಗಿರುವವರ ಮಾತು ಬಾರದೆ ಹೇಳುವುದಾದರೂ ಹೇಗೆ? ಹಾಗಾಗಿ ಉಪದೇಶಿ ಮೊದಲು ವಿದ್ಯಾರ್ಥಿಯಾದರು. ಧಾರವಾಡ, ಮಂಗಳೂರು, ಮಡಿಕೇರಿಯಲ್ಲಿದ್ದು ಪಂಡಿತರಿಂದ ಹಳಗನ್ನಡ ಕಲಿತರು. ಸಾಮಾನ್ಯ ಜನರ ಮಾತಿಗೂ ಕಿವಿಗೊಟ್ಟರು, ಗಾದೆಗಳನ್ನು ಬರೆದುಕೊಂಡರು. ಯೇಸುವಿನ ಕತೆಯನ್ನು ನಮ್ಮ ಕನ್ನಡದ ಛಂದಸ್ಸಿನಲ್ಲೇ ಕಟ್ಟಿ 1862ರಲ್ಲಿ 'ಕಥಾಮಾಲೆ' ಎಂಬ ಪುಸ್ತಕ ಮಾಡಿದರು. ತಮ್ಮ ದೇವರ ವಿಷಯವನ್ನು ನಮ್ಮ ರಾಗಕ್ಕೆ ಹೊಂದಿಸಿ ಹೇಳಬೇಕೆಂಬ ಆಸೆ ಅವರದು.

"ಆಗ ಎಲ್ಲರೂ ಅವರ ಧರ್ಮಕ್ಕೆ ಸೇರಿದ್ರಾ ತಾತ?"

ಇಲ್ಲ. ಕೆಲವರು ಒಪ್ಪಿ ಸೇರಿದರು, ಹೆಚ್ಚಿನವರು ಸೇರಲಿಲ್ಲ, ಹಲವರು ವಿರೋಧಿಸಿದರು. ನಮ್ಮವರಿಗೂ ತಮ್ಮ ದೇವರು, ತಮ್ಮ ನಂಬಿಕೆ ಇತ್ತಲ್ಲ. ಸೇರಿದವರಲ್ಲಿ ಎಷ್ಟೋ ಜನರಿಗೆ ಮನೆ ತಪ್ಪಿತು, ಕಸುಬು ತಪ್ಪಿತು. ಅವರ ಹೊಟ್ಟೆಪಾಡಿಗೆಂದು ಮಿಷನ್ ನೇಯ್ಗೆ ಕಾರ್ಖಾನೆ ತೆರೆಯಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಶುರುಮಾಡಿತು. ನಮ್ಮ ಹಳೇ ಮನೆಗಳ ಮೇಲೆ ಕಾಣುವ ಮಂಗಳೂರು ಹೆಂಚಿನ ಹಿಂದೆ ಇಂಥದೊಂದು ಕತೆ ಇದೆ.

ಕಿಟ್ಟೆಲರಿಗೂ ಈ ನೆಲದಲ್ಲಿ ಕಷ್ಟ ತಪ್ಪಲಿಲ್ಲ. ಅವರ ಮೊದಲ ಹೆಂಡತಿ ಪೌಲಿನ್ ಮದುವೆಯಾದ ಕೆಲವೇ ವರ್ಷಗಳಲ್ಲಿ, 1864ರಲ್ಲಿ, ತೀರಿಕೊಂಡರು. ಇತ್ತ ಮಿಷನ್ನಿನ ಒಳಗೂ ಅಪಸ್ವರ ಇತ್ತು: ಧರ್ಮ ಹೇಳಲು ಹೋದವನು ಪದ ಆಯುತ್ತ ಕೂತರೆ ಹೇಗೆ? ಆದರೂ ಅವರು ಬಿಡಲಿಲ್ಲ. ಕೇಶಿರಾಜನ 'ಶಬ್ದಮಣಿದರ್ಪಣ', ನಾಗವರ್ಮನ 'ಛಂದೋಂಬುಧಿ'ಯಂಥ ಹಳೆಯ ಗ್ರಂಥಗಳನ್ನು ತಿದ್ದಿ ಅಚ್ಚುಹಾಕಿಸಿದರು. ಮಧ್ಯೆ ಜರ್ಮನಿಗೆ ಹೋದವರು ನಿಘಂಟಿನ ಕೆಲಸಕ್ಕಾಗಿ ಐವತ್ತು ದಾಟಿದ ಮೇಲೆ, 1883ರಲ್ಲಿ, ಮತ್ತೆ ಹಡಗು ಹತ್ತಿದರು. ಕೊನೆಗೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಕಂಪ್ಯೂಟರ್ ಇಲ್ಲ, ಟೈಪು ಮಾಡುವವರಿಲ್ಲ. ಎಲ್ಲವೂ ಕೈಬರಹ.

ನಾನು ನಕ್ಕ ದಿನ

ಇಲ್ಲಿ ನನ್ನ ಕತೆಯನ್ನೂ ಹೇಳಬೇಕು. ಮೊಮ್ಮಗಳಿಗೂ ಇದು ಗೊತ್ತಿರಲಿಲ್ಲ.

ನಮ್ಮದು ಗಡಿ ಸೀಮೆ. ವೇದಾವತಿ ನದಿ ಪರಶುರಾಂಪುರದ ಕಡೆಯಿಂದ ಆಂಧ್ರಕ್ಕೆ ಹರಿಯುತ್ತದೆ. ಮಾತೂ ಹಾಗೇ, ಅತ್ತಿಂದಿತ್ತ ಇತ್ತಿಂದತ್ತ ಹರಿಯುತ್ತದೆ. ಎಷ್ಟೋ ಮನೆಗಳಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ನಾನು ಹೊಸದಾಗಿ ಮೇಷ್ಟ್ರಾದಾಗ ಗಡಿಯ ಹತ್ತಿರದ ಹಳ್ಳಿಯೊಂದಕ್ಕೆ ಹಾಕಿದರು. ಒಂದು ಬೆಳಿಗ್ಗೆ ಎರಡನೇ ತರಗತಿಯ ಹುಡುಗನನ್ನು ಕೇಳಿದೆ: "ಏನು ತಿಂದು ಬಂದೆಯೋ?"

"ಪಾಲು ಕುಡಿದೆ ಸಾರ್."

ಮನೆಯಲ್ಲಿ ತೆಲುಗು ಆಡುವ ಹುಡುಗ. ತೆಲುಗಿನಲ್ಲಿ ಪಾಲು ಎಂದರೆ ಹಾಲು. ನಾನು ತಮಾಷೆಗೆ, "ಯಾರ ಪಾಲು ಕುಡಿದೆಯೋ? ನಿನ್ನ ತಮ್ಮನ ಪಾಲಾ?" ಅಂದೆ. ತರಗತಿಯೆಲ್ಲ ಘೊಳ್ಳೆಂದಿತು. ನಾನೂ ನಕ್ಕೆ. ಅವನು ತಲೆ ತಗ್ಗಿಸಿದ. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ವಾರವಾಯಿತು.

ಆ ಶನಿವಾರ ಮಧ್ಯಾಹ್ನ ಮನೆಗೆ ಬಂದವನು ನಮ್ಮ ಹಿರಿಯ ಮೇಷ್ಟ್ರೊಬ್ಬರ ಬಳಿಯಿದ್ದ ಕಿಟ್ಟೆಲ್ ನಿಘಂಟನ್ನು ಯಾವುದೋ ಪದಕ್ಕಾಗಿ ತೆರೆದಿದ್ದೆ. ಕೈ ತಾನಾಗಿ 'ಹಾಲು' ಇದ್ದ ಕಡೆ ಹೋಯಿತು. ಅದರ ಹಳೆಯ ರೂಪ 'ಪಾಲ್'. ಹಳಗನ್ನಡದಲ್ಲಿ ನಾವೂ 'ಪಾಲ್' ಎನ್ನುತ್ತಿದ್ದೆವು. ಕಾಲ ಕಳೆದಂತೆ ನಮ್ಮ 'ಪ' ಹೋಗಿ 'ಹ' ಬಂತು, ತೆಲುಗಿನಲ್ಲಿ 'ಪ' ಉಳಿಯಿತು. ತಮಿಳು, ಮಲಯಾಳ, ತೆಲುಗು, ತುಳುವಿನ ಸಂಬಂಧಿ ಪದಗಳನ್ನು ಕನ್ನಡದ ಪಕ್ಕದಲ್ಲೇ ಜೋಡಿಸಿಡುವುದು ಆ ನಿಘಂಟಿನ ಕ್ರಮ.

ಜರ್ಮನಿಯಿಂದ ಬಂದ ಮನುಷ್ಯ ಯಾರ ಮಾತಿಗೂ ನಗದೆ, ಎಲ್ಲವನ್ನೂ ಕೇಳಿ ಬರೆದಿಟ್ಟಿದ್ದರು. ಇದೇ ತಾಲ್ಲೂಕಿನಲ್ಲಿ ಹುಟ್ಟಿದ ನಾನು ಒಂದು ಮಗುವಿನ ಮಾತಿಗೆ ನಕ್ಕಿದ್ದೆ. ನನಗೆ ನಾಚಿಕೆಯಾಯಿತು.

ಮರುದಿನ ಸೈಕಲ್ ಹತ್ತಿ ಆ ಹುಡುಗನ ಮನೆಗೆ ಹೋದೆ. ಅವನ ಅಜ್ಜಿ ಜಗುಲಿಯಲ್ಲಿದ್ದರು. "ಮಾ ವಾಡು ಬಡಿಕಿ ರಾನಂಟುನ್ನಾಡು ಸಾರ್" ಎಂದರು. ನಮ್ಮ ಹುಡುಗ ಶಾಲೆಗೆ ಬರಲ್ಲ ಅಂತಾನೆ ಎಂದರ್ಥ. ನನಗೆ ಬಂದಷ್ಟು ತೆಲುಗಿನಲ್ಲಿ, "ತಪ್ಪು ನಾದೇ ಅವ್ವಾ" ಎಂದೆ. ಅಜ್ಜಿ ನನ್ನ ತೆಲುಗಿಗೆ ನಗಲಿಲ್ಲ. ಒಳಗೆ ಹೋಗಿ ಲೋಟ ತಂದು, "ಪಾಲು ತಾಗಂಡಿ ಸಾರ್" ಎಂದರು. ಬಾಗಿಲ ಹಿಂದಿನಿಂದ ಹುಡುಗ ಇಣುಕಿ ನೋಡುತ್ತಿದ್ದ. "ನಿನ್ನ ಪದ ತಪ್ಪಲ್ಲ ಕಣೋ. ಅದು ನಮ್ಮ ಪದದ ಅಣ್ಣ" ಅಂದೆ. ಸೋಮವಾರ ಶಾಲೆಗೆ ಬಂದ.

ಉಳಿದದ್ದು ಏನು?

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನೆ ಶೇಂಗಾ ಬಿಡಿಸಿದಳು. ಆಮೇಲೆ, "ಹಂಗಾದ್ರೆ ಕಿಟ್ಟೆಲ್ ಬಂದ ಕೆಲಸ ಆಯ್ತಾ, ಇಲ್ವಾ ತಾತ?" ಎಂದಳು.

ತನಗೆ ಒಳ್ಳೆಯದೆಂದು ಕಂಡ ನಂಬಿಕೆಯನ್ನು ಇನ್ನೊಬ್ಬರಿಗೆ ಹೇಳಬೇಕು ಅನ್ನಿಸುವುದು ತಪ್ಪಲ್ಲ. ಕೇಳುವವರು ಬೇಡ ಎನ್ನುವುದೂ ತಪ್ಪಲ್ಲ. ಬೇಡ ಎಂದವರ ಮೇಲೆ ಸಿಟ್ಟಾಗದೆ ಅವರ ಮಾತನ್ನು ಪ್ರೀತಿಯಿಂದ ಕಲಿತು, ಅವರಿಗೇ ಒಪ್ಪಿಸಿ ಹೋಗುವುದು ದೊಡ್ಡದು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಕಿಟ್ಟೆಲರಿಗೆ ಡಾಕ್ಟರೇಟ್ ಗೌರವ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಅಚ್ಚಾಯಿತು, ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇಂದು ಬೆಂಗಳೂರಿನಲ್ಲಿ ಅವರ ಪ್ರತಿಮೆಯಿದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಆ ನಿಘಂಟನ್ನು ಎಲ್ಲ ಧರ್ಮದ ಕನ್ನಡಿಗರೂ ತೆರೆದು ನೋಡುತ್ತಾರೆ.

"ಅವರು ಯಾಕೆ ಬಂದ್ರು ಅನ್ನೋದನ್ನೂ ಹೇಳು, ಏನು ಕೊಟ್ಟು ಹೋದ್ರು ಅನ್ನೋದನ್ನೂ ಹೇಳು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಬೇಡ" ಎಂದೆ. ತಲೆಯಾಡಿಸಿದಳು.

ಮಕ್ಕಳೇ, ನಿಮಗೂ ಒಂದು ಕೆಲಸ. ಹಾಲು–ಪಾಲು, ಹುಲಿ–ಪುಲಿ, ಹೂವು–ಪುವ್ವು, ಹಾವು–ಪಾಮು: ಕನ್ನಡ, ತೆಲುಗಿನ ಇಂಥ ಅಣ್ಣತಮ್ಮ ಪದಗಳನ್ನು ಹುಡುಕಿ. ಅಜ್ಜಿ ತಾತಂದಿರ ಪಕ್ಕ ಕೂತು, ಈಗ ಯಾರೂ ಆಡದ ಹತ್ತು ಪದ ಕೇಳಿ ಬರೆದುಕೊಳ್ಳಿ. ಅಜ್ಜಿಯರೇ, ತಾತಂದಿರೇ, ಮಕ್ಕಳು ತಪ್ಪಾಗಿ ಆಡಿದರೆ ತಿದ್ದಿ, ನಗಬೇಡಿ.

ರಜೆ ಮುಗಿಸಿ ಹೊರಟಾಗ ಮೊಮ್ಮಗಳ ಚೀಲದಲ್ಲಿ ಹುರಿದ ಶೇಂಗಾ ಇತ್ತು, ಜೊತೆಗೆ ಒಂದು ನೋಟ್‌ಬುಕ್. ಅದರ ಮೊದಲ ಪುಟದಲ್ಲಿ ನಲವತ್ತೊಂದು ಪದಗಳು. ಎಲ್ಲವೂ ಅವಳ ಅಜ್ಜಿ ಹೇಳಿದವು. ಅದರಲ್ಲಿ ಆರು ನನಗೇ ಗೊತ್ತಿರಲಿಲ್ಲ!