ಕಿಮೊನೊದಿಂದ ಕೈಚೀಲಕ್ಕೆ ಬಂದ ಚೌಕಳಿ

ಜಪಾನಿನ ಸಾಂಪ್ರದಾಯಿಕ ಉಡುಪು ಕಿಮೊನೊ. ಅದರ ಮೇಲಿನ ಹಳೆಯ ಚಿತ್ತಾರಗಳು ಇಂದು ಕೈಚೀಲ, ಟೈ, ಕಿವಿಯೋಲೆ, ಕೂದಲ ಕ್ಲಿಪ್ಪುಗಳ ಮೇಲೂ ಕಾಣಸಿಗುತ್ತವೆ. ಅವು ಹೊಸ ವಸ್ತುಗಳಿಗೆ ಇಷ್ಟು ಸುಲಭವಾಗಿ ಒಗ್ಗಿದ್ದು ಹೇಗೆ? ಗುಟ್ಟು ರೇಖಾಗಣಿತದಲ್ಲಿದೆ.

ಎರಡು ಬಣ್ಣದ ಚೌಕಗಳು ಚದುರಂಗದ ಹಾಸಿನಂತೆ ಜೋಡಣೆಯಾದರೆ ಅದು ‘ಇಚಿಮತ್ಸು’. 18ನೇ ಶತಮಾನದಲ್ಲಿ ಸನೊಗಾವಾ ಇಚಿಮತ್ಸು ಎಂಬ ಕಬುಕಿ ನಟ ಈ ಚೌಕಳಿಯನ್ನು ತೊಟ್ಟು ರಂಗಕ್ಕೆ ಬಂದ. ಜನ ಮರುಳಾದರು; ಚಿತ್ತಾರಕ್ಕೆ ಅವನ ಹೆಸರೇ ನಿಂತಿತು. ‘ಅಸಾನೊಹಾ’ ಎಂಬುದು ನಾರಿನ ಗಿಡವೊಂದರ ಎಲೆಯನ್ನು ಹೋಲುವ ಚಿತ್ತಾರ. ಆ ಗಿಡ ನೆಟ್ಟಗೆ, ಬೇಗ ಬೆಳೆಯುತ್ತದೆ. ಮಗುವೂ ಹಾಗೆಯೇ ಬೆಳೆಯಲೆಂದು ಹಸುಗೂಸಿನ ಬಟ್ಟೆಗೆ ಅದನ್ನು ಹಾಕುವುದು ಅಲ್ಲಿನ ರೂಢಿ.

ಒಂದೇ ಬಗೆಯ ನಿಯಮಿತ ಬಹುಭುಜಾಕೃತಿಗಳಿಂದ ಸಂದಿಲ್ಲದೆ ನೆಲ ಮುಚ್ಚಬೇಕೆಂದರೆ ದಾರಿ ಮೂರೇ: ಸಮಬಾಹು ತ್ರಿಭುಜ, ಚೌಕ, ಷಡ್ಭುಜ. ಇವುಗಳ ಕೋನಗಳಾದ 60, 90, 120 ಡಿಗ್ರಿಗಳು 360ನ್ನು ಶೇಷವಿಲ್ಲದೆ ಭಾಗಿಸುತ್ತವೆ. ಪಂಚಭುಜದ 108 ಭಾಗಿಸದು. ಇಚಿಮತ್ಸು ನಿಂತಿರುವುದು ಚೌಕದ ಮೇಲೆ, ಅಸಾನೊಹಾ ತ್ರಿಭುಜದ ಮೇಲೆ, ಆಮೆಚಿಪ್ಪಿನ ‘ಕಿಕ್ಕೊ’ ಷಡ್ಭುಜದ ಮೇಲೆ. ಕೊಕ್ಕರೆಯ ಚಿತ್ರವನ್ನು ಕತ್ತರಿಸಿದರೆ ಕೊರಳೇ ಹೋದೀತು. ಇವುಗಳನ್ನು ಎಲ್ಲಿ ಕತ್ತರಿಸಿದರೂ ಚಿತ್ತಾರ ಉಳಿಯುತ್ತದೆ.

ಆದರೂ ಲೆಕ್ಕ ತಪ್ಪುವಂತಿಲ್ಲ. ಸುತ್ತಳತೆ 24 ಸೆಂ.ಮೀ. ಇರುವ ದುಂಡನೆಯ ಚೀಲಕ್ಕೆ 4 ಸೆಂ.ಮೀ. ಚೌಕಗಳಾದರೆ ಆರು ಹಿಡಿಸುತ್ತವೆ, ಹೊಲಿಗೆಯಲ್ಲಿ ಬಣ್ಣ ಸರಿಯಾಗಿ ಬದಲಾಗುತ್ತದೆ. 8 ಸೆಂ.ಮೀ. ಚೌಕಗಳಾದರೆ ಮೂರೇ, ಹೊಲಿಗೆಯ ಎರಡೂ ಬದಿಗೆ ಒಂದೇ ಬಣ್ಣ ಬಂದು ಚೌಕಳಿ ಕೆಡುತ್ತದೆ. ಬೆಸ, ಸರಿ ಸಂಖ್ಯೆಗಳ ಪಾಠ ದರ್ಜಿಗೂ ಬೇಕು!

ಹಾಗಾದರೆ ಈ ಚಿತ್ತಾರಗಳ ಒಡೆಯರು ಯಾರು? ‘ಡೀಮನ್ ಸ್ಲೇಯರ್’ ಎಂಬ ಜನಪ್ರಿಯ ಚಿತ್ರಕಥೆಯ ನಾಯಕ ಹಸಿರು-ಕಪ್ಪು ಇಚಿಮತ್ಸು ತೊಡುತ್ತಾನೆ. ಅದನ್ನು ತನ್ನ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಪ್ರಕಾಶಕ ಸಂಸ್ಥೆ ಶುಯೆಶಾ 2020ರಲ್ಲಿ ಅರ್ಜಿ ಹಾಕಿತು. 2021ರಲ್ಲಿ ಜಪಾನಿನ ಪೇಟೆಂಟ್ ಕಚೇರಿ ಅದನ್ನು ತಿರಸ್ಕರಿಸಿತು. ತಲೆಮಾರುಗಳಿಂದ ಎಲ್ಲರೂ ಬಳಸುತ್ತ ಬಂದ ಚೌಕಳಿ ಒಬ್ಬರ ಗುರುತಾಗದೆ, ಎಲ್ಲರ ಸೊತ್ತಾಗಿಯೇ ಉಳಿಯಿತು.

ವಿದ್ಯಾರ್ಥಿಗಳು ಕೈವಾರ ಹಿಡಿದು ಒಂದು ಸಮಬಾಹು ತ್ರಿಭುಜ ಬರೆಯಲಿ. ಮೂರು ಮೂಲೆಗಳನ್ನೂ ನಡುಬಿಂದುವಿಗೆ ಸೇರಿಸಲಿ. ಅಂಥ ತ್ರಿಭುಜಗಳನ್ನು ಒತ್ತೊತ್ತಾಗಿ ಜೋಡಿಸುತ್ತ ಹೋದರೆ ಅಸಾನೊಹಾ ತಾನಾಗಿ ಅರಳುತ್ತದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.