‘ಪ್ರಿವೆಂಟ್’ ಎಂಬ ಕ್ರಿಯಾಪದ

ಆಂಗ್ಲ ಭಾಷೆಯ ‘ಪ್ರಿವೆಂಟ್’ ಎಂಬ ಕ್ರಿಯಾಪದಕ್ಕೆ ‘ತಡೆ’ ಎಂಬುದೇ ಅರ್ಥವೆಂದು ನಾವೆಲ್ಲರೂ ತರಗತಿಯಲ್ಲಿ ಕಲಿತಿರುವೆವಷ್ಟೆ. ಆದರೆ 1611ರಲ್ಲಿ ಅಚ್ಚಾದ ಆಂಗ್ಲ ಸತ್ಯವೇದವನ್ನು ಓದುವಾಗ ಈ ಅರ್ಥವು ನಮ್ಮನ್ನು ದಾರಿತಪ್ಪಿಸುವುದು. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ, ಕರ್ತನು ಬರುವಾಗ ಜೀವದಿಂದಿರುವವರು ನಿದ್ರೆಹೋದವರನ್ನು ‘ಪ್ರಿವೆಂಟ್’ ಮಾಡುವುದಿಲ್ಲವೆಂದಿದೆ. ಸತ್ತವರನ್ನು ತಡೆಯುವುದೆಂದರೇನು?

ಲತೀನ್ ಭಾಷೆಯಲ್ಲಿ ‘ಪ್ರೇ’ ಎಂದರೆ ಮುಂಚೆ, ‘ವೆನೀರೆ’ ಎಂದರೆ ಬರುವುದು. ಆದುದರಿಂದ ಮುಂದಾಗಿ ಬರುವುದೆಂಬುದೇ ಮೂಲಾರ್ಥ. ಮುಂದಾದವನು ಹಿಂದಿನವನಿಗೆ ಅಡ್ಡನಿಲ್ಲಬಲ್ಲನಾದುದರಿಂದ ಕಾಲಕ್ರಮದಲ್ಲಿ ‘ತಡೆ’ ಎಂಬ ಅರ್ಥವು ನೆಲೆನಿಂತಿತು.

ಆಪ್ತರನ್ನು ಕಳೆದುಕೊಂಡವರಿಗೆ ಅಪೊಸ್ತಲನು ಹೇಳಿದ ಸಮಾಧಾನವಿಷ್ಟೆ: ಬದುಕಿರುವವರು ಮುಂದಾಗರು, ಸತ್ತವರು ಹಿಂದುಳಿಯರು. 1881ರ ಪರಿಷ್ಕೃತ ಭಾಷಾಂತರವು ಇಲ್ಲಿ ‘ಪ್ರಿಸೀಡ್’ ಎಂದು ತಿದ್ದಿತು. ಹಳೆಯ ಗ್ರಂಥಗಳಲ್ಲಿ ಪರಿಚಿತ ಶಬ್ದವನ್ನೂ ನಿಘಂಟಿನಲ್ಲಿ ನೋಡುವ ಅಭ್ಯಾಸವನ್ನು ನಾವು ಬಿಡದಿರೋಣ.